ಬಯಲುಸೀಮೆಯ ಮನೆಯಲ್ಲಿ ಕಡಲ ಮೀನು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ದಾವಣಗೆರೆ, ಹರಿಹರಗಳಿಗೆ ಹೊಸ ಸಂಗತಿಯೇನಲ್ಲ. ಆದರೆ ಗೋಲ್ಡ್ ಫಿಶ್, ಗಪ್ಪಿ, ಏಂಜೆಲ್ ಮೊದಲಾದವೆಲ್ಲ ಸಿಹಿನೀರಿನ ಮೀನುಗಳು. ಕಡಲ ಮೀನನ್ನು ಮನೆಗೆ ತರುವ ಮಾತೇ ಬೇರೆ. ಅದರಲ್ಲೂ ಟ್ಯಾಂಗ್ ಎಂಬ ಮೀನಿನ ಆಸೆ ಹತ್ತಿದವರು ಮೀನಿಗಿಂತ ಮೊದಲು ನೀರನ್ನು ಅರಿಯಬೇಕಾಗುತ್ತದೆ.

ಟ್ಯಾಂಗ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೀರಿಗೆ ಬೆರೆಸುವ ಕಿತ್ತಳೆ ಪುಡಿ ನೆನಪಾಗಬಹುದು, ಇದು ಅದಲ್ಲ. ಹವಳದ ದಿಬ್ಬಗಳಲ್ಲಿ ವಾಸಿಸುವ, ತಟ್ಟೆಯಂತೆ ಚಪ್ಪಟೆಯಾದ ಮೀನಿದು. ಬಾಲದ ಬುಡದಲ್ಲಿ ಎರಡೂ ಪಕ್ಕಕ್ಕೆ ಶಸ್ತ್ರವೈದ್ಯರ ಚಾಕುವಿನಷ್ಟು ಹರಿತವಾದ ಮುಳ್ಳುಗಳಿರುವುದರಿಂದ ಸರ್ಜನ್ ಮೀನು ಎಂಬ ಹೆಸರೂ ಉಂಟು. ಈ ಕುಟುಂಬದಲ್ಲಿ 80ಕ್ಕೂ ಹೆಚ್ಚು ಜಾತಿಗಳಿವೆ. 2003ರ ‘ಫೈಂಡಿಂಗ್ ನೀಮೋ’ ಚಿತ್ರದ ಮರೆಗುಳಿ ಡೋರಿ ಇವುಗಳಲ್ಲೊಂದು. ಅಪರೂಪದವುಗಳಲ್ಲಿ ಹೆಸರಾದದ್ದು ಜೆಮ್ ಟ್ಯಾಂಗ್. ಕಪ್ಪು ಮೈಮೇಲೆ ಬಿಳಿಯ ಚುಕ್ಕೆ ಚೆಲ್ಲಿದಂತಿರುವ ಈ ಮೀನು ಮಾರಿಷಸ್, ಮಡಗಾಸ್ಕರ್ ಸುತ್ತಿನ ಹಿಂದೂ ಮಹಾಸಾಗರದ್ದು. 1835ರಲ್ಲಿ ಫ್ರೆಂಚ್ ವಿಜ್ಞಾನಿ ವಾಲೆಂಸಿಯೆನ್ ಅದನ್ನು ಮೊದಲು ವರ್ಣಿಸಿದ.

ಮೀನಿನ ಕುತೂಹಲ ಕನ್ನಡನಾಡಿಗೆ ಹಳೆಯದು. ಹರಿಹರದ ಹರಿಹರೇಶ್ವರ ದೇವಾಲಯ 1224ರಲ್ಲಿ ಕಟ್ಟಿದ್ದು. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವನ್ನೇ ಇಟ್ಟ. ಕಡಲಿನವು, ಹೊಳೆಯವು, ದೊಡ್ಡವು, ಚಿಕ್ಕವು, ಹುರುಪೆ ಇರುವವು, ಇಲ್ಲದವು ಎಂದು ಮೀನುಗಳನ್ನು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಎಂದೂ ಅಲ್ಲಿ ಹೇಳಿದೆ. ದೊರೆಯ ಉದ್ದೇಶ ಗಾಳ ಹಾಕುವುದಾಗಿತ್ತು, ಸಾಕುವುದಲ್ಲ. ಆದರೂ ತಿನಿಸು ತಿಳಿಯದೆ ಮೀನು ಕೈಗೆ ಬಾರದೆಂಬುದನ್ನು ಆತ ಬಲ್ಲವನಾಗಿದ್ದ.

ಕಡಲ ಜೀವಿಗಳನ್ನು ಗಾಜಿನೊಳಗೆ ಉಳಿಸುವ ವಿದ್ಯೆ ಮಾತ್ರ ಈಚಿನದು. ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆದದ್ದು 1853ರಲ್ಲಿ. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಮಾತು ಮನೆಮಾತಾಯಿತು. ಕಡಲಿನಿಂದ ದೂರ ಇರುವವರಿಗಾಗಿ ಲವಣಗಳನ್ನು ಬೆರೆಸಿ ಸಮುದ್ರದ ನೀರು ತಯಾರಿಸುವ ವಿಧಾನವನ್ನೂ ಗಾಸ್ ತೋರಿಸಿಕೊಟ್ಟ. ದಾವಣಗೆರೆಯವರಿಗೆ ಬೇಕಾದದ್ದೂ ಇದೇ. ನಮ್ಮ ತುಂಗಭದ್ರೆಯ ಮೂಲ ಪಶ್ಚಿಮ ಘಟ್ಟದಲ್ಲಿ, ಅರಬ್ಬಿ ಸಮುದ್ರಕ್ಕೆ ಅಷ್ಟೇನೂ ದೂರವಲ್ಲದ ಜಾಗದಲ್ಲಿದೆ. ಹೊಳೆಗಳು ಮಾತ್ರ ಕಡಲಿಗೆ ಬೆನ್ನು ಹಾಕಿ ಮೂಡಣಕ್ಕೆ ಹರಿದವು. ಹೀಗಾಗಿ ಕಡಲನ್ನು ನಾವೇ ಕಲಸಿಕೊಳ್ಳಬೇಕು.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 500 ಲೀಟರಿನ ತೊಟ್ಟಿಗೆ ಹದಿನೇಳೂವರೆ ಕಿಲೋ ಬೇಕಾಯಿತು. ಅಡುಗೆ ಉಪ್ಪು ನಡೆಯದು. ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಸರಿಯಾದ ಪ್ರಮಾಣದಲ್ಲಿ ಇರಬೇಕಾದ್ದರಿಂದ ಇದಕ್ಕೆಂದೇ ಸಿಗುವ ಉಪ್ಪನ್ನು ಕೊಳ್ಳಬೇಕು. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಮತ್ತೆ ಪೌಣೆರಡು ಕಿಲೋ. ಬೋರ್‌ವೆಲ್ಲಿನ ಗಡಸು ನೀರಾಗಲಿ, ಕ್ಲೋರಿನ್ ಬೆರೆತ ನಲ್ಲಿ ನೀರಾಗಲಿ ನೇರವಾಗಿ ಒಗ್ಗದು. ಆರ್.ಓ. ಯಂತ್ರದಲ್ಲಿ ಶೋಧಿಸಿಯೇ ಬಳಸಬೇಕು.

ಬೇಸಿಗೆಯಲ್ಲಿ ಇನ್ನೊಂದು ಸಂಕಷ್ಟ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದ ಮಟ್ಟಕ್ಕೆ ಉಪ್ಪುನೀರು ತುಂಬಿದರೆ ದಿನದಿನಕ್ಕೆ ಖಾರ ಏರಿದಂತೆ ಉಪ್ಪು ಏರುತ್ತಾ ಹೋಗುತ್ತದೆ. ತುಂಬಬೇಕಾದ್ದು ಶೋಧಿಸಿದ ಸಿಹಿನೀರು. ಟ್ಯಾಂಗಿಗೆ ಹಿತವಾದದ್ದು 24ರಿಂದ 27 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯ ಏಪ್ರಿಲ್ ತಿಂಗಳನ್ನು ಕಂಡವರಿಗೆ ತಂಪು ಮಾಡುವ ಯಂತ್ರ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆ. ಅದೇ ಹೊತ್ತಿಗೆ ಕರೆಂಟು ಹೋಯಿತೆಂದರೆ ಬ್ಯಾಟರಿ ಪಂಪು ಇಲ್ಲದ ತೊಟ್ಟಿಯಲ್ಲಿ ಮೀನು ಉಳಿಯುವುದು ಕಷ್ಟ.

ನೀರು ಕೆಟ್ಟರೆ ಮೀನಿನ ಗತಿ ಏನೆಂಬುದು ಹರಿಹರದ ಹೊಳೆಯಂಚಿನವರಿಗೆ ತಿಳಿಯದ್ದಲ್ಲ. 1984ರಲ್ಲಿ ತುಂಗಭದ್ರೆಯ ಮೀನುಗಳು ರಾಶಿಯಾಗಿ ಸತ್ತು ತೇಲಿದವು. ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಮೀನುಗಾರರೂ ಸಮಾಜ ಪರಿವರ್ತನ ಸಮುದಾಯದವರೂ ನಡೆಸಿದ ಹೋರಾಟ ನಾಡಿಗೆಲ್ಲ ಪರಿಚಿತ. ತೊಟ್ಟಿಯಲ್ಲಿ ವಿಷ ಹೊರಗಿನಿಂದ ಬರಬೇಕಾಗಿಲ್ಲ. ಮೀನಿನ ಹೇಲೇ ಅಮೋನಿಯಾ ಆಗುತ್ತದೆ. ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು, ಮರಳಿನಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಖಾಲಿಯಾಗಿಯೇ ಇರಲಿ. ಟ್ಯಾಂಗ್ ಬರಬೇಕಾದ್ದು ಎಲ್ಲಕ್ಕಿಂತ ಕೊನೆಗೆ, ಪಾಚಿ ಚೆನ್ನಾಗಿ ಹಿಡಿದ ಮೇಲೆ. ದಿನವಿಡೀ ಪಾಚಿ ಮೇಯುವ ಮೀನದು, ದನದ ಹಾಗೆ. ಶೃಂಗೇರಿಯ ಮೀನುಗಳಿಗೆ ಎಸೆಯುವ ಮಂಡಕ್ಕಿ ಇದಕ್ಕೆ ಆಗದು, ದಾವಣಗೆರೆಯ ಮಂಡಕ್ಕಿ ಎಷ್ಟೇ ಹೆಸರಾಗಿರಲಿ! ಒಣಗಿಸಿದ ಕಡಲ ಪಾಚಿಯ ಹಾಳೆ ಕೊಡಬೇಕು. ಈಜಲು ಉದ್ದನೆಯ ತೊಟ್ಟಿ ಬೇಕು. ಇಕ್ಕಟ್ಟಾದರೆ ಬಾಲದ ಚಾಕು ಹೊರಬರುತ್ತದೆ.

ಬಿಳಿಚುಕ್ಕೆ ರೋಗಕ್ಕೆ ಈ ಜಾತಿ ಬೇಗ ತುತ್ತಾಗುತ್ತದೆ. ಆದ್ದರಿಂದ ಹೊಸದನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಡುವುದು ವಾಡಿಕೆ. ಕಿವಿಗಲ್ಲಿನ ಉಂಗುರಗಳನ್ನು ಎಣಿಸಿ ನೋಡಿದಾಗ ಕೆಲವು ಸರ್ಜನ್ ಮೀನುಗಳು 30 ವರ್ಷ ದಾಟಿ ಬದುಕಿದ್ದು ತಿಳಿದಿದೆ. ಅಷ್ಟು ಆಯುಸ್ಸಿನ ಜೀವವನ್ನು ಹವಳದ ದಿಬ್ಬದಿಂದ ಕಿತ್ತು ತಂದು ಮೂರೇ ತಿಂಗಳಲ್ಲಿ ಕೊಲ್ಲುವುದಾದರೆ ಅದು ಹವ್ಯಾಸವೇ ಎಂಬ ಪ್ರಶ್ನೆ ಏಳುತ್ತದೆ. ಅಪರೂಪದ ಮೀನೆಂದರೆ ಬೆಲೆಯೂ ಹೆಚ್ಚು, ಹಿಡಿಯುವವರ ಆತುರವೂ ಹೆಚ್ಚು. ಅದರ ಜೊತೆಗೆ ಜೀವಂತ ಹವಳ ಇಡುವ ಯೋಚನೆ ನಮ್ಮ ದೇಶದಲ್ಲಿ ಬೇಡವೇ ಬೇಡ. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಸಾಕಿ ಮರಿ ಮಾಡಿಸಿದ ಟ್ಯಾಂಗ್ ಬಹಳ ಕಾಲ ಇರಲೇ ಇಲ್ಲ. 2015ರಲ್ಲಿ ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್ ಹಳದಿ ಟ್ಯಾಂಗಿನ ಮರಿಗಳನ್ನು ಬೆಳೆಸಿತು. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಡೋರಿಯ ಜಾತಿಯನ್ನು ಬೆಳೆಸಿದರು. ಮೊದಲ ಸಲ ಕೈಹಾಕುವವರಿಗೆ ಇದಕ್ಕೂ ಸುಲಭದ್ದು ಕ್ಲೌನ್ ಮೀನು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ನಮ್ಮಲ್ಲೇ ಮರಿ ಮಾಡಿಸಿದೆ. ಒಂದೆರಡು ಬೇಸಿಗೆ ಅದನ್ನು ಉಳಿಸಿಕೊಂಡ ಮೇಲೂ ಟ್ಯಾಂಗೇ ಬೇಕೆನಿಸಿದರೆ, ಅಂಗಡಿಯವರಿಗೆ ಮೊದಲು ಪಾಚಿಯ ಹಾಳೆ ಹಾಕಲು ಹೇಳಿ. ಹೊಟ್ಟೆ ಒಳಗೆ ಸೇದಿಕೊಂಡ, ಕಣ್ಣೆದುರಿಗೆ ತಿನ್ನದ ಮೀನನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬಾರದು.