ಟಣ್ ಎಂದಿತು ಕಪ್ಪಗಲ್ಲು!

ಸಿರುಗುಪ್ಪದಿಂದ ಬಳ್ಳಾರಿಗೆ ಹೊರಟ ಬಸ್ಸು. ಕಿಟಕಿಯಾಚೆ ಭತ್ತದ ಗದ್ದೆ, ಕಾಲುವೆ, ಮತ್ತೆ ಭತ್ತದ ಗದ್ದೆ. ಕಿವಿಯಲ್ಲಿ ಅಮೆರಿಕದ ಪ್ರೋಗ್ರೆಸಿವ್ ಮೆಟಲ್ ತಂಡ ಟೂಲ್‌ನ ‘ಸ್ಕಿಸಮ್’. 2001ರ ಹಾಡು. ಮೂರು ದಿನದಿಂದ ಅದನ್ನೇ ಕೇಳುತ್ತಿದ್ದೇನೆ, ಮೂರು ದಿನದಿಂದ ಸೋಲುತ್ತಿದ್ದೇನೆ! ತೊಡೆಯ ಮೇಲೆ ತಾಳ ಹಾಕಿದರೆ ಎರಡು ಸುತ್ತಿನೊಳಗೆ ಹಾಡು ಒಂದು ಕಡೆ, ಕೈ ಇನ್ನೊಂದು ಕಡೆ. ನಾಲ್ಕಕ್ಕೆ ಕೂರದು, ಮೂರಕ್ಕೆ ಕೂರದು. ಯಾಕೋ ಬೆರಳು ಮಡಚಿ ಎಣಿಸತೊಡಗಿದೆ. ತಕ ತಕಿಟ, 5. ತಕಿಟ ತಕಧಿಮಿ, 7. ಮತ್ತೆ 5. ಮತ್ತೆ 7. ಅಯ್ಯೋ, ಕೂತೇಬಿಟ್ಟಿತು!

ಕೂಗಿಬಿಟ್ಟಿದ್ದೆ ಅಂತ ಕಾಣುತ್ತೆ. ಪಕ್ಕದ ಅಜ್ಜಿ, “ಯಾಕಪ್ಪಾ, ಏನಾತು?” ಅಂದರು.

“ಲೆಕ್ಕ ಸಿಕ್ತು ಅಜ್ಜಿ!”

“ಸಿಗ್ಲಿ ಬಿಡು, ಒಳ್ಳೇದಾತು” ಅಂತ ಸಂಚಿ ಬಿಚ್ಚಿ ಒಂದು ಅಡಿಕೆ ಚೂರು ಕೊಟ್ಟರು.

ಪ್ರೋಗ್ರೆಸಿವ್ ಮೆಟಲ್ ಅಂದರೆ ಬರೀ ಗದ್ದಲ ಎಂದುಕೊಂಡಿದ್ದವನು ನಾನು. ಗದ್ದಲ ಮೇಲಿನ ಸಿಪ್ಪೆ ಅಷ್ಟೇ, ಒಳಗಿರುವುದು ಲೆಕ್ಕ! 1985ರಲ್ಲಿ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಶಾಲೆಯಲ್ಲಿ ಓದುತ್ತಿದ್ದ ಪೆಟ್ರೂಚಿ, ಮ್ಯುಂಗ್, ಪೋರ್ಟ್‌ನೊಯ್ ಎಂಬ ಮೂವರು ಹುಡುಗರು ಕಟ್ಟಿದ ತಂಡವೇ ಮುಂದೆ ಡ್ರೀಮ್ ಥಿಯೇಟರ್ ಆಯಿತು. ಅವರ 1999ರ ‘ಸೀನ್ಸ್ ಫ್ರಮ್ ಎ ಮೆಮೊರಿ’ ಆಲ್ಬಮ್ಮಿನ ತುಂಬ ಒಂದೇ ಕಥೆ: ಒಬ್ಬ ತರುಣನಿಗೆ ತನ್ನ ಹಿಂದಿನ ಜನ್ಮದ ಕೊಲೆ ನೆನಪಾಗುತ್ತದೆ. ಜನ್ಮಾಂತರದ ಕಥೆ, ಹಾಡಿನಿಂದ ಹಾಡಿಗೆ ಬೆಳೆಯುತ್ತ ಹೋಗುತ್ತದೆ! ಕೇಳುತ್ತಿದ್ದರೆ ನನಗೆ ನಮ್ಮ ಸೀಮೆಯ ದರೋಜಿ ಈರಮ್ಮನವರೇ ಕಣ್ಣಮುಂದೆ ಬಂದರು. ಉದ್ದುದ್ದದ ಬುರ್ರಕಥೆಗಳನ್ನು ಅಕ್ಷರ ಕಲಿಯದೆಯೇ ನೆನಪಿನಲ್ಲಿಟ್ಟುಕೊಂಡು ಹಾಡಿದ ಆ ತಾಯಿಗೆ ಇಂಥ ಆಲ್ಬಮ್ ಒಂದು ಸಂಜೆಯ ಹಾಡಾಗುತ್ತಿತ್ತು.

ಆ 7ರ ವಿಷಯಕ್ಕೆ ಬರುತ್ತೇನೆ. ಅದು ನನ್ನ ನಿದ್ದೆಯನ್ನೇ ಕಸಿದುಕೊಂಡಿತು. 3 ಮತ್ತು 4 ಸೇರಿದ 7 ಎಂದರೆ ನಮ್ಮ ಮಿಶ್ರ ಛಾಪು. ಅಷ್ಟೇ ಅಲ್ಲ, ಅದು ಭಾಮಿನಿ ಷಟ್ಪದಿ! 1, 2, 4, 5ನೇ ಸಾಲುಗಳಲ್ಲಿ 3-4-3-4 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಕುಮಾರವ್ಯಾಸ ತನ್ನ ಇಡೀ ಭಾರತವನ್ನು ಈ ನಡೆಯಲ್ಲೇ ನಡೆಸಿದ್ದಾನೆ. ಗಮಕಿಗಳು ಓದುವಾಗ ತಲೆದೂಗಿದ ಪ್ರತಿ ಕಿವಿಗೂ ಈ 7 ಗೊತ್ತು. ಪಾಶ್ಚಾತ್ಯರು ‘ಆಡ್ ಟೈಮ್’, ವಿಚಿತ್ರ ತಾಳ ಎನ್ನುವುದು ನಮಗೆ ಮನೆಯ ಅಂಗಳ!

ಇನ್ನೂ ಕೇಳಿ. ಸ್ವೀಡನ್ನಿನ ಮೆಶುಗ್ಗಾ ತಂಡದ ಡ್ರಮ್ಮರ್ ಟೊಮಾಸ್ ಹಾಕೆ ಒಂದು ಕೈಯಲ್ಲಿ ಸಿಂಬಲ್ ತಟ್ಟೆಯ ಮೇಲೆ ನೆಟ್ಟಗೆ 4 ಎಣಿಸುತ್ತಾನೆ. ಕಾಲು ಮತ್ತು ಗಿಟಾರ್ ಬೇರೆಯೇ ಉದ್ದದ ಸುತ್ತು ಹೊಡೆಯುತ್ತವೆ. ಎರಡೂ ದೂರ ದೂರ ಸರಿದು, ಇನ್ನು ಕೂಡಲಾರವು ಎನ್ನುವಾಗ ಒಂದೇ ಏಟಿಗೆ ಕೂಡುತ್ತವೆ. ಇದನ್ನು ಅರ್ಥಮಾಡಿಸಿದ್ದು ಸಿರುಗುಪ್ಪದ ಅಕ್ಕಿ ಗಿರಣಿ. ಮೋಟರು ಗುಡುಗುಡು ಒಂದೇ ಸಮ ಓಡುತ್ತಿತ್ತು. ಬೆಲ್ಟಿನ ಹೊಲಿಗೆ ಸುತ್ತಿಗೊಮ್ಮೆ ಟಪ್ ಎನ್ನುತ್ತಿತ್ತು. ಜರಡಿ ತನ್ನದೇ ಗತಿಯಲ್ಲಿ ಅಲುಗುತ್ತಿತ್ತು. ನಿಂತು ಕೇಳಿದೆ. ಒಮ್ಮೆ ಮೂರೂ ಒಟ್ಟಿಗೆ ಬಿದ್ದವು ನೋಡಿ, ಮೈ ಜುಮ್ಮೆಂದಿತು! ಕುರುಗೋಡಿನಲ್ಲಿ ನಂದಿಕೋಲಿನ ಮುಂದೆ ಸಮಾಳ ಬಾರಿಸುವವರ ಕೈ ನೋಡಿದವರಿಗೂ ಈ ಜುಮ್ಮೆನ್ನುವಿಕೆ ಗೊತ್ತಿರುತ್ತದೆ.

ನಮ್ಮ ತಾಳಕ್ಕೂ ಮೆಟಲ್‌ಗೂ ಇರುವ ಈ ನಂಟನ್ನು ಬೆಂಗಳೂರಿನ ಹುಡುಗರು ಎಂದೋ ಕಂಡುಕೊಂಡಿದ್ದಾರೆ. ಅಗಂ ತಂಡ 2003ರಿಂದ ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೋಗ್ರೆಸಿವ್ ರಾಕ್ ಜೊತೆ ಕೂಡಿಸುತ್ತಿದೆ. ಪ್ರಾಜೆಕ್ಟ್ ಮಿಶ್ರಂ ಇನ್ನೂ ಮುಂದೆ ಹೋಗಿ, 2020ರ ‘ಮೆಸೊ’ ಆಲ್ಬಮ್ಮಿನಲ್ಲಿ ಶಾಸ್ತ್ರೀಯ ಕಂಠ, ಕೊಳಲು, ಮೆಟಲ್ ಗಿಟಾರುಗಳನ್ನು ಒಂದೇ ಉಸಿರಿನಲ್ಲಿ ಓಡಿಸುತ್ತದೆ.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಬಳ್ಳಾರಿಯ ಹೊರಗಿನ ಕಪ್ಪಗಲ್ಲಿನ ಗುಡ್ಡ. ಅಲ್ಲಿ ನಸುಗೆಂಪು ಕಣಶಿಲೆಯ ನಡುವೆ ಡಾಲರೈಟ್ ಎಂಬ ಕರಿಬಂಡೆಗಳ ಸಾಲು. ಮೇಲೆಲ್ಲ ನೀಳ ಕೊಂಬಿನ ಎತ್ತುಗಳು, ಮನುಷ್ಯರು. ಎಲ್ಲ ಕುಟ್ಟಿ ಕುಟ್ಟಿ ಮೂಡಿಸಿದ, ಹೆಚ್ಚಾಗಿ ನವಶಿಲಾಯುಗದ ಚಿತ್ರಗಳು. 1892ರಲ್ಲೇ ಫಾಸೆಟ್ ಎಂಬವರು ಇವುಗಳ ಬಗ್ಗೆ ಬರೆದಿದ್ದರು. 2004ರಲ್ಲಿ ಪುರಾತತ್ತ್ವಜ್ಞೆ ನಿಕೋಲ್ ಬೊಯಿವಿನ್ ಇನ್ನೊಂದು ಗುಟ್ಟು ಬರೆದರು: ಈ ಬಂಡೆಗಳಲ್ಲಿ ಕೆಲವು ಹಾಡುತ್ತವೆ! ಸಾವಿರಾರು ವರ್ಷಗಳ ಹಿಂದೆ ಜನ ಹೊಡೆದು ಹೊಡೆದು ಬಟ್ಟಲಿನಂತೆ ಕುಳಿ ಬಿದ್ದ ಜಾಗಗಳಿವೆ. ಅಲ್ಲಿ ತಟ್ಟಿದರೆ ಜಾಗಟೆಯ ಸದ್ದು. ಇಂಥ ಗುಡ್ಡಕ್ಕೂ ಕ್ವಾರಿಯ ಕಾಟ ತಗುಲಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ.

ನಾನು ಹೋದಾಗ ಅಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಚಿತ್ರವಿಲ್ಲದ ಒಂದು ಬಂಡೆಯ ಹತ್ತಿರ ಕರೆದರು. ಅಂಗೈಯಗಲದ ಕುಳಿ, ಒಳಗೆಲ್ಲ ನುಣುಪು. ನಿಂಬೆಹಣ್ಣಿನಷ್ಟು ಕಲ್ಲೊಂದರಿಂದ ಮೆಲ್ಲಗೆ, ಒಂದೇ ಸಲ ತಟ್ಟಿದರು.

ಟಣ್!

ಕಲ್ಲಿನ ಸದ್ದಲ್ಲ ಅದು. ಲೋಹದ್ದು! ಕಂಚಿನ ಗಂಟೆಯ ಹಾಗೆ ಗಾಳಿಯಲ್ಲಿ ಎಳೆ ಎಳೆಯಾಗಿ ನಿಂತಿತು. ಆ ಕುಳಿ ತೋಡಿದ ಕೈಗಳಿಗೆ ಕಬ್ಬಿಣವೇ ಗೊತ್ತಿರಲಿಲ್ಲ. ಕಬ್ಬಿಣಕ್ಕೂ ಮೊದಲೇ ಅವರು ಮೆಟಲ್ ಕೇಳಿದ್ದರು! ನನ್ನ ಇಯರ್‌ಫೋನ್ ಕೊರಳಲ್ಲಿ ಜೋತಾಡುತ್ತಿತ್ತು, ಬಾಯಿ ತೆರೆದೇ ಇತ್ತು.

“ಇದೊಂದ ಅಲ್ಲರಿ,” ಅಂದರು ಅವರು, ಆಗಲೇ ಮುಂದಿನ ಬಂಡೆ ಹತ್ತುತ್ತ. “ಮ್ಯಾಲ ಇನ್ನೊಂದೈತಿ, ಅದರ ದನಿ ಬ್ಯಾರೆ. ಬರ್ರಿ.”