ಕೂಸು ಅತ್ತಿತೇನವ್ವಾ?

ಹೆರಿಗೆ ಕೋಣೆಯ ಹೊರಗೆ ಕಾದು ಕುಳಿತ ಅತ್ತೆ, ಅವ್ವ, ಅಕ್ಕ ಎಲ್ಲರೂ ಮೊದಲು ಕೇಳುವ ಮಾತು ಇದೇ ಅಲ್ಲವೇ? ಗಂಡೋ ಹೆಣ್ಣೋ ಎಂಬುದು ಆಮೇಲಿನ ಮಾತು.

ಹುಟ್ಟುವ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರಾಡಲು ಸ್ವಲ್ಪ ನೆರವು ಬೇಕಾಗುತ್ತದೆ. ಅದು ಒಂದು ನಿಮಿಷದೊಳಗೇ ಸಿಗಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ತಾಸುಗಟ್ಟಲೆ ದಾರಿ. ಹಾಗಾಗಿ ಕೂಸನ್ನು ಉಳಿಸಬೇಕಾದವರು ಹತ್ತಿರವೇ ಇರುವ ನರ್ಸಬಾಯಿ!

ಅವರು ಗೊಂಬೆಯ ಮೇಲೆ ಕಲಿಯುವ ವಿದ್ಯೆ ಬಲು ಸರಳ. ಕೂಸನ್ನು ಒಣಬಟ್ಟೆಯಿಂದ ಒರೆಸಿ ಬೆಚ್ಚಗಿಡುವುದು, ಬಾಯಿ-ಮೂಗಿನಲ್ಲಿ ಅಡ್ಡವಿದ್ದುದನ್ನು ತೆಗೆಯುವುದು, ಬೆನ್ನು ಉಜ್ಜುವುದು. ಎಷ್ಟೋ ಕೂಸುಗಳು ಇಷ್ಟಕ್ಕೇ ಅಳುತ್ತವೆ. ಅಳದಿದ್ದರೆ ಪುಟ್ಟ ಮಾಸ್ಕ್ ಇಟ್ಟು, ಕೈಯಿಂದ ಒತ್ತುವ ಚೀಲದಿಂದ ನಿಮಿಷಕ್ಕೆ ಸುಮಾರು 40 ಸಲ ಗಾಳಿ ಕೊಡುವುದು. ಇದಕ್ಕೆ ಕರೆಂಟ್ ಬೇಡ. ಆಕ್ಸಿಜನ್ ಸಿಲಿಂಡರಿಗೆ ಕಾಯಬೇಕಿಲ್ಲ.

ಇದರಿಂದ ಪ್ರಯೋಜನವಾದೀತೇ ಎಂದಿರಾ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಸ್ಪತ್ರೆಗಳಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಈ ತರಬೇತಿ ಕೊಟ್ಟರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಹೊಟ್ಟೆಯಲ್ಲೇ ಸತ್ತು ಹುಟ್ಟುವ ಕೂಸುಗಳು ನೂರಕ್ಕೆ 3.0ರಿಂದ 2.3ಕ್ಕೆ ಇಳಿದವು. ಅವುಗಳಲ್ಲಿ ಹೆರಿಗೆಯ ಹೊತ್ತಿಗೆ ಆಗಷ್ಟೇ ಸತ್ತವೆಂದು ಬರೆದುಕೊಂಡಿದ್ದವು 1.7ರಿಂದ 0.9ಕ್ಕೆ ಇಳಿದವು. ಎಂದರೆ, 'ಸತ್ತು ಹುಟ್ಟಿತು' ಎಂದು ಕೈಬಿಟ್ಟ ಕೆಲವು ಕೂಸುಗಳಲ್ಲಿ ಜೀವವಿತ್ತು, ಉಸಿರಷ್ಟೇ ಇರಲಿಲ್ಲ! ಆದರೆ ಹುಟ್ಟಿದ ನಂತರ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳ ಪ್ರಮಾಣ ಇಳಿಯಲಿಲ್ಲ. ಮುಂದಿನ ಆರೈಕೆಯೂ ಅಷ್ಟೇ ಮುಖ್ಯ. ಕಲಿತ ಕೈಯೂ ರೂಢಿ ತಪ್ಪಿದರೆ ಮರೆಯುತ್ತದೆ. ಆಗಾಗ ಗೊಂಬೆಯ ಮೇಲೆ ಅಭ್ಯಾಸ ಬೇಕು.

ನೀವೇನು ಮಾಡಬಹುದು? ಹೆರಿಗೆ ಮನೆಯಲ್ಲಾಗದಿರಲಿ. ನೋವು ಬಂದೊಡನೆ 108ಕ್ಕೆ ಫೋನ್ ಮಾಡಿ. ತೊಳೆದು ಬಿಸಿಲಿಗೆ ಒಣಗಿಸಿದ ಎರಡು ಮೆತ್ತನೆ ಬಟ್ಟೆ ಚೀಲದಲ್ಲಿರಲಿ. ದಿನ ತುಂಬುವ ಮೊದಲೇ ಆಸ್ಪತ್ರೆಯಲ್ಲಿ, "ಕೂಸಿಗೆ ಗಾಳಿ ಕೊಡೋ ಚೀಲ, ಮಾಸ್ಕ್ ಇದೆಯೇನ್ರೀ?" ಎಂದು ಕೇಳಿ. ನಾಚಿಕೆ ಬೇಡ. ಅಳದ ಕೂಸನ್ನು ತಲೆಕೆಳಗೆ ಹಿಡಿಯುವುದು, ಹೊಡೆಯುವುದು, ತಣ್ಣೀರು ಚಿಮುಕಿಸುವುದು ಮಾತ್ರ ಬೇಡವೇ ಬೇಡ.

ಈ ಮಾತನ್ನು ನೆರೆಮನೆಯ ಬಸುರಿಗೂ ಹೇಳಿ. ಅವಳ ಕೂಸಿನ ಅಳು ನಿಮ್ಮ ಅಂಗಳಕ್ಕೂ ಕೇಳಿಸಲಿ.