ಆಕಾಶದಲ್ಲೊಂದು ಗರಡಿಮನೆ

ಗಂಟೆಗೆ ಸಾವಿರ ಮೈಲಿಗೂ ಮೀರಿದ ವೇಗ. ಕಣ್ಣಿಗೆ ಕಾಣದ ಶತ್ರುವನ್ನು ಹುಡುಕಿಕೊಡುವ ರಾಡಾರ್. ಮೈಲಿಗಟ್ಟಲೆ ದೂರದಿಂದಲೇ ಅವನನ್ನು ಹೊಡೆದುರುಳಿಸಬಲ್ಲ ಕ್ಷಿಪಣಿ. ಇಷ್ಟೆಲ್ಲ ಕೈಯಲ್ಲಿರುವ ವೈಮಾನಿಕನಿಗೆ, ಮೊದಲನೆಯ ಮಹಾಯುದ್ಧದ ಕಾಲದವರಂತೆ ಶತ್ರುವಿನ ಬೆನ್ನುಹತ್ತಿ ಸುತ್ತುವ ಹಣಾಹಣಿಯ ವಿದ್ಯೆ ಏತಕ್ಕೆ? 1960ರ ಸುಮಾರಿನಲ್ಲಿ ಅಮೆರಿಕದ ಸೇನಾತಜ್ಞರು ಕೇಳಿದ ಪ್ರಶ್ನೆಯಿದು. 'ಬೇಕಿಲ್ಲ' ಎಂಬುದೇ ಅವರಲ್ಲಿ ಅನೇಕರ ಉತ್ತರವಾಗಿತ್ತು. ನೌಕಾದಳದ ಫ್ಯಾಂಟಮ್ ವಿಮಾನದಲ್ಲಿ ಫಿರಂಗಿಯನ್ನೇ ಇಡಲಿಲ್ಲ. 'ಡಾಗ್‌ಫೈಟ್' ಎನ್ನುವ ಈ ಸಮೀಪದ ಕಾಳಗದ ಅಭ್ಯಾಸವೂ ಬಹುಮಟ್ಟಿಗೆ ಮೂಲೆಗುಂಪಾಯಿತು.

ವಿಯಟ್ನಾಮಿನ ಆಕಾಶದಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಅಲ್ಲಿ ಹಾರುತ್ತಿದ್ದ ವಿಮಾನಗಳಲ್ಲಿ ಬಹುಪಾಲು ಅಮೆರಿಕದವೇ. ರಾಡಾರ್ ತೆರೆಯ ಮೇಲಿನ ಚುಕ್ಕೆ ಯಾರದೆಂದು ಕಣ್ಣಾರೆ ಕಂಡು ಗುರುತಿಸುವವರೆಗೆ ಸಾಮಾನ್ಯವಾಗಿ ಕ್ಷಿಪಣಿ ಬಿಡುವಂತಿರಲಿಲ್ಲ. ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಮೇಲೆ ದೂರದ ಅಸ್ತ್ರದ ಮಹಿಮೆ ಉಳಿಯುವುದೆಲ್ಲಿ? ಬಿಟ್ಟ ಕ್ಷಿಪಣಿಗಳಲ್ಲಿ ಗುರಿ ಮುಟ್ಟಿದ್ದೂ ಹೆಚ್ಚುಕಡಮೆ ಹತ್ತಕ್ಕೊಂದು. ಹಳೆಯ ಮಿಗ್-17 ವೇಗದಲ್ಲಿ ಫ್ಯಾಂಟಮ್‌ಗೆ ಸಾಟಿಯಲ್ಲದಿದ್ದರೂ ಕಿರಿದಾದ ವೃತ್ತದಲ್ಲಿ ತಿರುಗಿ ಅದರ ಬೆನ್ನಿಗೆ ಬೀಳುತ್ತಿತ್ತು. ಅಮೆರಿಕನ್ನರ ಲೆಕ್ಕದಂತೆಯೇ, ನೌಕಾದಳದ ಒಂದು ವಿಮಾನ ಬಿದ್ದರೆ ಮಿಗ್‌ಗಳು ಬೀಳುತ್ತಿದ್ದುದು ಎರಡೋ ಮೂರೋ.

ಕಾರಣ ಹುಡುಕಲು 1968ರಲ್ಲಿ ಕ್ಯಾಪ್ಟನ್ ಫ್ರಾಂಕ್ ಆಲ್ಟ್ ಎಂಬ ಅಧಿಕಾರಿ ನೇಮಕಗೊಂಡರು. ಅವರ ವರದಿ ಕ್ಷಿಪಣಿಗಳ ದೋಷಗಳೊಡನೆ ತರಬೇತಿಯ ಕೊರತೆಯನ್ನೂ ಎತ್ತಿ ತೋರಿಸಿತು. 1969ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಮಿರಮಾರ್ ನೆಲೆಯಲ್ಲಿ, ಸ್ವಂತ ಕಟ್ಟಡವೂ ಇಲ್ಲದೆ, ಪುಟ್ಟದೊಂದು ಶಾಲೆ ಆರಂಭವಾಯಿತು. ಅದೇ ಟಾಪ್‌ಗನ್. (ಅದೇ ಹೆಸರಿನ ಚಲನಚಿತ್ರ ನೋಡಿದವರು ಅಲ್ಲಿನ ಪ್ರಣಯಪ್ರಸಂಗವನ್ನು ತುಸು ಮರೆಯಬೇಕು!)

ಗರಡಿಯಲ್ಲಿ ಉಸ್ತಾದರೇ ಅಖಾಡಕ್ಕಿಳಿದು ಪಟ್ಟು ಹಾಕುವಂತೆ, ಇಲ್ಲಿ ಗುರುಗಳೇ ಶತ್ರುಗಳು. ಮಿಗ್‌ನಂತೆಯೇ ಚುರುಕಾಗಿ ತಿರುಗುವ ಪುಟ್ಟ ಸ್ಕೈಹಾಕ್ ವಿಮಾನವನ್ನೇರಿ ಅವರು ಶಿಷ್ಯರ ಮೇಲೆ ಎರಗುತ್ತಿದ್ದರು. ಪುಟ್ಟ ವಿಮಾನ ಎಂಥ ವೈರಿಯೆಂಬುದು ನಮಗೇನು ಹೊಸತಲ್ಲ, ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲೂ ತಯಾರಾಗುತ್ತಿದ್ದ ನ್ಯಾಟ್ 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕಾಡಿದ್ದು ನೆನಪಿರಬಹುದು.

ಬಿಗಿಯಾಗಿ ತಿರುಗುವಾಗ ಮೈಭಾರ ಆರು ಮಡಿಯಾಗುತ್ತದೆ. 70 ಕಿಲೋ ತೂಗುವವನು ಆ ಕ್ಷಣಕ್ಕೆ 420 ಕಿಲೋ! ರಕ್ತ ತಲೆಯಿಂದ ಕೆಳಗಿಳಿದು ದೃಷ್ಟಿ ಮಸುಕಾಗುತ್ತದೆ. ಆ ಅವಸ್ಥೆಯಲ್ಲೂ ಕತ್ತು ತಿರುಗಿಸಿ, ಬೆನ್ನ ಹಿಂದಿನ ಶತ್ರು ಕಣ್ತಪ್ಪದಂತೆ ನೋಡುತ್ತಿರಬೇಕು. ತಿರುಗಿದಷ್ಟೂ ವೇಗ ಕುಂದುತ್ತದೆ. ಎತ್ತರವನ್ನು ಮಾರಿ ವೇಗವನ್ನು ಕೊಳ್ಳಬೇಕು. ಎರಡೂ ಮುಗಿದರೆ ದಿವಾಳಿ. ಮಿಗ್‌ನೊಡನೆ ಸುತ್ತುವ ಪಂದ್ಯ ಕಟ್ಟದೆ, ಎಂಜಿನ್ನಿನ ಬಲದಿಂದ ನೆಟ್ಟಗೆ ಮೇಲಕ್ಕೇರಿ ಅಲ್ಲಿಂದ ಎರಗುವುದನ್ನು ಶಿಷ್ಯರು ಕಲಿತರು. ನೆಲಕ್ಕಿಳಿದ ಮೇಲೆ ಕಪ್ಪುಹಲಗೆಯ ಮುಂದೆ ಒಂದೊಂದು ತಪ್ಪಿಗೂ ವಿಚಾರಣೆ.

1972ರಲ್ಲಿ ವಾಯುಸಮರ ಮತ್ತೆ ಬಿರುಸಾದಾಗ ನೌಕಾದಳದ ಲೆಕ್ಕ ಒಂದಕ್ಕೆ ಸುಮಾರು ಹನ್ನೆರಡು. ಅದೇ ಫ್ಯಾಂಟಮ್, ಆಗಲೂ ಫಿರಂಗಿಯಿಲ್ಲ! ಅತ್ತ ವಾಯುದಳದವರು ತಮ್ಮ ಹೊಸ ಫ್ಯಾಂಟಮ್‌ಗಳಿಗೆ ಫಿರಂಗಿ ಜೋಡಿಸಿದ್ದರು. ತರಬೇತಿಯನ್ನು ಮಾತ್ರ ಅಷ್ಟಾಗಿ ಬದಲಿಸಿರಲಿಲ್ಲ. ಅವರ ಲೆಕ್ಕ ಎರಡರ ಆಸುಪಾಸಿನಲ್ಲೇ ನಿಂತಿತು. ಎರಡು ದಳಗಳ ಈ ಅಂತರವೇ ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆನಿಸುತ್ತದೆ.

ಇಂದು ನೂರು ಕಿಲೋಮೀಟರಿಗೂ ಆಚೆ ಹೊಡೆಯುವ ಕ್ಷಿಪಣಿಗಳಿವೆ. ಹಳೆಯ ಪ್ರಶ್ನೆಯೂ ಮತ್ತೆ ಎದ್ದಿದೆ. ಆದರೆ 1996ರಲ್ಲಿ ನೆವಾಡದ ಫಾಲನ್‌ಗೆ ಸ್ಥಳಾಂತರಗೊಂಡ ಆ ಶಾಲೆಯಲ್ಲಿ ಗುರುಗಳು ಈಗಲೂ ಶತ್ರುಗಳಾಗಿ ಶಿಷ್ಯರಿಗೆ ಎದುರು ಹಾರುತ್ತಾರೆ.